ಭೈಯ್ಯಾ ಚೌಕದ ಮನೆ

ಅಪ್ಪನ ದವಾಖಾನೆಯ ಮೇಜಿನ ಗಾಜಿನ ಕೆಳಗೆ ಒಂದು ಅಂಚೆಚೀಟಿ ಇತ್ತು. ಯುದ್ಧದ ಹೊತ್ತಿನಲ್ಲಿ ಚೀನಾಕ್ಕೆ ಹೋಗಿ ಅಲ್ಲೇ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸರ ನೆನಪಿಗೆಂದು ನಮ್ಮ ಅಂಚೆ ಇಲಾಖೆ 1993ರಲ್ಲಿ ತಂದದ್ದು. ಜ್ವರ, ಕೆಮ್ಮು, ಚೇಳು ಕಡಿತ ಅಂತ ಬಂದವರು ಆ ಗಾಜಿನ ಮೇಲೆಯೇ ಕೈಚಾಚಿ ಬಿ.ಪಿ. ನೋಡಿಸಿಕೊಳ್ಳುತ್ತಿದ್ದರು. "ಇವ್ರ ಯಾರ್ರೀ ಡಾಕ್ಟ್ರ?" ಅಂತ ಒಬ್ಬರು ಕೇಳಿದರೆ ಮುಗಿಯಿತು. ಹೊರಗೆ ಪಾಳಿ ಎಷ್ಟೇ ಉದ್ದವಿರಲಿ, ಅಪ್ಪ ಸ್ಟೆತೊಸ್ಕೋಪು ಕೊರಳಿಗೆ ಹಾಕಿಕೊಂಡು ಕಥೆ ಶುರು ಮಾಡುತ್ತಿದ್ದರು. "ನಮ್ಮ ಸೊಲ್ಲಾಪುರದವ್ರು" ಅನ್ನುವುದೇ ಮೊದಲ ಮಾತು.

ಸೊಲ್ಲಾಪುರದಲ್ಲಿರುವ ಅವರ ಮನೆ ನೋಡಬೇಕು ಅಂತ ಅಪ್ಪ ವರ್ಷಗಟ್ಟಲೆ ಅಂದರು. ವಿಜಯಪುರದಿಂದ ಬರೀ ನೂರು ಕಿಲೋಮೀಟರು. ಹೊರಟ ದಿನವೇ ಯಾರಿಗೋ ಹೆರಿಗೆ ನೋವು, ಯಾರಿಗೋ ಹಾವು ಕಡಿತ. ಹೋದ ವರ್ಷ ಅಪ್ಪ ತೀರಿಕೊಂಡರು. ಈ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಅವ್ವ ಚಹಾ ಕುಡಿಯುತ್ತ, "ನಡೀ, ನಾವರೆ ಹೋಗಿ ನೋಡ್ಕೊಂಡು ಬರೂಣು" ಅಂದಳು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿದಳು. ಅಂಚೆಚೀಟಿಯನ್ನು ಗಾಜಿನ ಕೆಳಗಿಂದ ತೆಗೆದು ಸಣ್ಣ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಅನ್ನುವುದು ನನಗೆ ಬಸ್ಸಿನಲ್ಲಿ ಗೊತ್ತಾಯಿತು.

ಝಳಕಿ ದಾಟಿದ ಮೇಲೆ ದ್ರಾಕ್ಷಿ ಪಡಗಳು, ಕಬ್ಬು, ಎದೆಮಟ್ಟ ನಿಂತ ಬಿಳಿಜೋಳ. ಧೂಳಖೇಡದ ಹತ್ತಿರ ಭೀಮೆಯ ಸೇತುವೆ ದಾಟಿದರೆ ಮಹಾರಾಷ್ಟ್ರ. ಫಲಕಗಳು ಮರಾಠಿಗೆ ತಿರುಗಿದವು, ಬಸ್ಸಿನೊಳಗಿನ ಮಾತು ತಿರುಗಲಿಲ್ಲ. ಸೊಲ್ಲಾಪುರ ನಮಗೆ ಯಾವತ್ತೂ ಪರ ಊರಲ್ಲ. ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದೇ. ಅವನು ಕಟ್ಟಿಸಿದ ಕೆರೆಯ ನಡುವೆ ಸಿದ್ಧೇಶ್ವರನ ಗುಡಿ ಇದೆ, ಇಂದಿಗೂ ಪೇಟೆಯಲ್ಲಿ ಕನ್ನಡದಲ್ಲೇ ಚೌಕಾಸಿ ನಡೆಯುತ್ತದೆ. ಹಳೆಯ ಗಿರಣಿಗಳ ಊರು ಇದು. ಚಾದರಗಳಿಂದ ಹೆಸರಾದದ್ದು.

ಬಸ್ ನಿಲ್ದಾಣದಲ್ಲಿ ಇಳಿದು ಆಟೋದವನಿಗೆ "ಕೋಟ್ನಿಸ್ ಸ್ಮಾರಕ, ಭೈಯ್ಯಾ ಚೌಕ" ಅಂದೆವು. "ಕೂಡ್ರಿ ಅವ್ವಾರ" ಅಂತ ಕನ್ನಡದಲ್ಲೇ ಕರೆದುಕೊಂಡು ಹೋದ.

ಕೋಟ್ನಿಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಅವರ ಮನೆಯನ್ನೇ ಮಹಾನಗರಪಾಲಿಕೆ ಸ್ಮಾರಕವಾಗಿ ಮಾಡಿದೆ. 2012ರ ಜನವರಿಯಲ್ಲಿ ಅದು ತೆರೆಯಿತು. ಚೀನಾದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಒಳಗೆ ಕೋಟ್ನಿಸರ ಪುತ್ಥಳಿ, ಗೋಡೆಯ ತುಂಬ ಫೋಟೋಗಳು. ಅರಮನೆಯ ಗತ್ತೇನೂ ಇಲ್ಲದ, ಮಧ್ಯಮವರ್ಗದ ಮನೆ. ತಂದೆ ಗಿರಣಿಯೊಂದರಲ್ಲಿ ನೌಕರಿಗಿದ್ದರು, ಮನೆತುಂಬ ಮಕ್ಕಳು. ಅಂಥ ಮನೆಯಲ್ಲಿ ಮಗ ಡಾಕ್ಟರಾದರೆ ಎಲ್ಲರ ಕಣ್ಣೂ ಅವನ ಗಳಿಕೆಯ ಮೇಲೆಯೇ ಇರುತ್ತದೆ. ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದ್ದ ಹುಡುಗ, ಮುಂದಿನ ಓದಿಗೆ ತಯಾರಾಗುತ್ತಿದ್ದ ಹೊತ್ತಿನಲ್ಲಿ ಚೀನಾಕ್ಕೆ ಹೋಗುತ್ತೇನೆ ಅಂದ. ಆ ದಿನ ಈ ಮನೆಯಲ್ಲಿ ಯಾರು ಉಂಡರೋ, ಯಾರು ಬಿಟ್ಟರೋ.

ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ವೈದ್ಯರನ್ನು ಕಳಿಸಿ ಅಂತ ಸೇನಾನಿ ಝು ದೆ ನೆಹರೂ ಅವರಿಗೆ ಬರೆದಿದ್ದರು. ಕಾಂಗ್ರೆಸ್ ಅಧ್ಯಕ್ಷ ಸುಭಾಷಚಂದ್ರ ಬೋಸ್ ಜನರಿಂದ ಹಣ ಎತ್ತಿದರು. 1938ರ ಸೆಪ್ಟೆಂಬರಿನಲ್ಲಿ ಐವರು ಹಡಗು ಹತ್ತಿದರು: ಅಟಲ್, ಚೋಲ್ಕರ್, ಬಸು, ಮುಖರ್ಜಿ, ಕೋಟ್ನಿಸ್. ಇದು ಏಕಾಏಕಿ ಬಂದ ಹುಮ್ಮಸ್ಸು ಅಂತ ನನಗೆ ಅನ್ನಿಸುವುದಿಲ್ಲ. 1930ರಲ್ಲಿ ಸೊಲ್ಲಾಪುರ ಬ್ರಿಟಿಷರ ವಿರುದ್ಧ ಎದ್ದುನಿಂತು ಮಾರ್ಷಲ್ ಲಾ ಅನುಭವಿಸಿತು. ಮರುವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ ಮತ್ತು ಮೂವರು ಸಂಗಡಿಗರನ್ನು ಗಲ್ಲಿಗೇರಿಸಿದರು. ಆಗ ಕೋಟ್ನಿಸರಿಗೆ ಇಪ್ಪತ್ತು. ಆ ಊರಿನ ಹುಡುಗ ಅವರು.

ಚೀನಾದಲ್ಲಿ ಇನ್ನೂ ಕಮ್ಯುನಿಸ್ಟರ ನೆಲೆಯಾದ ಯೆನಾನ್ ಮುಟ್ಟಿರಲಿಲ್ಲ, ತಂದೆ ತೀರಿಕೊಂಡ ಸುದ್ದಿ ಹೋಯಿತು. ಮನೆಗೆ ಹೋಗು ಅಂದರು ಜೊತೆಯವರು. ಅವರು ಹೋಗಲಿಲ್ಲ. ಅಪ್ಪ ಕಥೆ ಹೇಳುವಾಗ ಪ್ರತಿ ಸಲ ಇಲ್ಲಿಗೆ ಬಂದು ಸುಮ್ಮನಾಗುತ್ತಿದ್ದರು. ನನ್ನ ಅಜ್ಜ ಸತ್ತಾಗ ಅಪ್ಪ ಒಂದು ಹೆರಿಗೆ ಮುಗಿಸಿಕೊಂಡೇ ಹೊರಟು, ಮಣ್ಣಿಗೆ ಸಿಕ್ಕಿರಲಿಲ್ಲ. ಅದನ್ನು ನನಗೆ ಹೇಳಿದವಳು ಅವ್ವ, ಬಹಳ ತಡವಾಗಿ.

ಕೋಟ್ನಿಸರು ಗುಡ್ಡಗಾಡಿನ ರಣರಂಗಕ್ಕೆ ಹೋದರು. 1940ರ ದೊಡ್ಡ ಕದನದಲ್ಲಿ ಒಂದು ಸಲ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರು ಅನ್ನುವುದು ಎಲ್ಲರೂ ಹೇಳುವ ಮಾತು. 1941ರಲ್ಲಿ, ಕೆನಡಾದ ವೈದ್ಯ ಬೆಥ್ಯೂನರ ಹೆಸರಿನ ಬೆಥ್ಯೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಚೀನೀ ಭಾಷೆ ಕಲಿತು ಅದರಲ್ಲೇ ಪಾಠ ಹೇಳಿದರು, ಪಠ್ಯ ಬರೆಯತೊಡಗಿದರು. ಅಲ್ಲಿಯ ಜನ ಅವರನ್ನು ಕ ದಿಹುವಾ ಅಂತ ಕರೆದರು.

ಅವ್ವನಿಗೆ ಇದೆಲ್ಲ ಗೊತ್ತಿದ್ದದ್ದೇ. ಅವಳ ಕಾಲು ನಿಂತದ್ದು ಒಂದು ಫೋಟೋದ ಮುಂದೆ. ಕೋಟ್ನಿಸರ ಪಕ್ಕದಲ್ಲಿ ದುಂಡುಮುಖದ ಹೆಣ್ಣುಮಗಳು, ಕ್ವೋ ಚಿಂಗ್‌ಲಾನ್. ಬೆಥ್ಯೂನರ ಸಮಾಧಿಯ ಸಮಾರಂಭದಲ್ಲಿ ಕೋಟ್ನಿಸರನ್ನು ಮೊದಲು ಕಂಡವಳು, ನರ್ಸಿಂಗ್ ಕಲಿಸುತ್ತಿದ್ದವಳು. 1941ರ ಕೊನೆಗೆ ಮದುವೆಯಾದರು. ಮರುವರ್ಷ ಆಗಸ್ಟ್ 23ಕ್ಕೆ ಗಂಡು ಮಗು. ಹೆಸರು ಯಿನ್‌ಹುವಾ. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ.

"ಆಮ್ಯಾಲೆ ಇವ್ರು ಯಾವಾಗ ಹ್ವಾದ್ರವಾ?"

"ಡಿಸೆಂಬರ್ 9."

ಅವ್ವ ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಸರಿಸುತ್ತ ಎಣಿಸಿದಳು. "ಮೂರೂವರಿ ತಿಂಗಳ. ಕೂಸು ಆಗಷ್ಟ ಮಗ್ಗಲಾ ಹೊರಳತಿತ್ತು. ಅಪ್ಪನ ಮುಖಾ ನೋಡಿ ನಗೂದು ಕಲ್ತಿತ್ತು, ಅಷ್ಟ."

ನೂರೆಂಟು ದಿನ. ನಾನೂ ಎಣಿಸಿದೆ. ಮೂರ್ಛೆರೋಗ ಅವರನ್ನು ಆ ಮೊದಲೇ ಹಿಡಿದಿತ್ತು. ಫಿಟ್ಸು ಬಂದುಹೋದ ಮೇಲೂ ಎದ್ದು ಆಪರೇಷನ್ನಿಗೆ ನಿಲ್ಲುತ್ತಿದ್ದರು. ತೀರಿಕೊಂಡಾಗ ಬರೀ 32. ಸೈನ್ಯ ಒಂದು ಸಹಾಯಹಸ್ತವನ್ನು, ದೇಶ ಒಬ್ಬ ಗೆಳೆಯನನ್ನು ಕಳೆದುಕೊಂಡಿತು ಅಂತ ಮಾವೋ ಬರೆದರು. ಈಗ ಅವರ ಸಮಾಧಿ ಇರುವುದು ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ. ಕೆನಡಾದಿಂದ ಬಂದ ಬೆಥ್ಯೂನ್ ಕೂಡ ಅಲ್ಲೇ ಮಲಗಿದ್ದಾರೆ. ಜೊತೆಗೆ ಹೋಗಿದ್ದ ನಾಲ್ವರೂ ಊರಿಗೆ ಮರಳಿದರು.

ಮಗ ಯಿನ್‌ಹುವಾ ಕೂಡ ವೈದ್ಯವಿದ್ಯೆ ಓದಿದ. ಅವನೂ 1967ರಲ್ಲಿ ಹೋಗಿಬಿಟ್ಟ. ಕ್ವೋ ಚಿಂಗ್‌ಲಾನ್ ಮಾತ್ರ 2012ರವರೆಗೆ ಬದುಕಿದ್ದರು. ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡರು. ಇದನ್ನು ಕೇಳಿ ಅವ್ವ ಫೋಟೋಕ್ಕೆ ಇನ್ನಷ್ಟು ಹತ್ತಿರ ಹೋದಳು.

"ಸೊಸಿ ನೋಡು, ಸಂಬಂಧ ಬಿಡಲಿಲ್ಲ" ಅಂದಳು.

ಕೋಟ್ನಿಸರ ಬಗ್ಗೆ ಹೇಳುವಾಗೆಲ್ಲ ಎರಡು ದೇಶಗಳ ಸ್ನೇಹದ ಮಾತು ಬರುತ್ತದೆ. ಬರಲಿ, ಅದು ನಿಜವೇ. ಆದರೆ ಆ ಮನೆಯಲ್ಲಿ ನಿಂತಾಗ ನನ್ನ ಕಣ್ಣೆದುರು ಇದ್ದದ್ದು ಪತ್ರಕ್ಕೆ ಕಾದ ತಾಯಿ, ಅಣ್ಣನಿಗಾಗಿ ಕಾದ ತಂಗಿಯರು, ಕೂಸನ್ನು ಎತ್ತಿಕೊಂಡು ನಿಂತ ಹೆಂಡತಿ. ಮಂದಿಯ ಡಾಕ್ಟರನ್ನು ಮನೆಯವರು ಹಂಚಿಕೊಂಡೇ ಬದುಕಬೇಕು. ನನ್ನ ಅವ್ವ ನಲವತ್ತು ವರ್ಷ ಹಾಗೆಯೇ ಬದುಕಿದವಳು. ಮೂರು ಸಲ ಬಿಸಿ ಮಾಡಿದ ಸಾರು, ನಡುರಾತ್ರಿ ಬಡಿಯುವ ಬಾಗಿಲು. ಬೇಸರ ಮಾಡಿಕೊಂಡದ್ದನ್ನು ನೋಡಿದ್ದೇನೆ, ಬೇಡ ಅಂದದ್ದನ್ನು ನೋಡಿಲ್ಲ.

ಹೊರಡುವ ಮುಂಚೆ ಅಲ್ಲಿಯವರು ನೋಂದಣಿ ಪುಸ್ತಕ ಕೊಟ್ಟು, "ಕನ್ನಡದಾಗ ಬರೀರಿ, ನಡೀತದ" ಅಂದರು. ಅವ್ವ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಬರೆದಳು: "ನಮ್ಮ ಮನೆಯ ಡಾಕ್ಟರು ಬರಬೇಕು ಅಂತ ಬಹಳ ಅಂದಿದ್ದರು. ಪೇಶಂಟುಗಳು ಬಿಡಲಿಲ್ಲ. ಅವರ ಬದಲಿಗೆ ನಾನು, ಮಗಳು ಬಂದಿದ್ದೇವೆ." ಆಮೇಲೆ ಪರ್ಸು ತೆಗೆದು ಅಂಚೆಚೀಟಿಯನ್ನು ಪುತ್ಥಳಿಯ ಎದುರಿಗೆ ಒಂದು ಗಳಿಗೆ ಹಿಡಿದಳು, ಒಳಗಿಟ್ಟುಕೊಂಡಳು.

ಬುತ್ತಿ ಬಿಚ್ಚಿದ್ದು ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ, ಮೂರು ಗಂಟೆಗೆ. ಮೊಸರು ಹುಳಿಯಾಗಿತ್ತು.