ತಿಯೋಂಗ್ ಬಾರುವಿನ ಆಂಟಿ, ಕೌಲ್ ಬಜಾರ್‌ನ ಅಜ್ಜ

"ನಮ್ಮಜ್ಜಿಯ ಗುಡಿಸಲು ಇಲ್ಲೇ ಎಲ್ಲೋ ಇತ್ತು. ಅಂಥವನ್ನೆಲ್ಲ ಕಿತ್ತು ಹಾಕಿದ ಮೇಲೇ ಈ ಮನೆಗಳು ಎದ್ದಿದ್ದು."

ಪಕ್ಕದ ಮನೆಯ ಚೀನೀ ಆಂಟಿ ಹೀಗಂದಿದ್ದು ನನ್ನ ಮಗನಿಗೆ. ಶಾಲೆಯ ಪ್ರಾಜೆಕ್ಟ್‌ಗೆ ಅವನು ನಾವಿರುವ ಬಡಾವಣೆಯ ಚಿತ್ರ ಬರೆಯುತ್ತಿದ್ದ. ದುಂಡಗೆ ತಿರುಗುವ ಬಾಲ್ಕನಿ, ಹಿಂದುಗಡೆ ಸುರುಳಿ ಮೆಟ್ಟಿಲು, ಬಿಳಿ ಗೋಡೆ ಎಲ್ಲ ಬರೆದು, "ಬ್ರಿಟಿಷರು ಎಷ್ಟು ಚೆನ್ನಾಗಿ ಕಟ್ಟಿದಾರೆ ಅಲ್ವಾ ಆಂಟಿ?" ಎಂದು ತೋರಿಸಿದ. ಆಂಟಿಗೆ ಎಂಬತ್ತು ದಾಟಿದೆ. ಸಿಟ್ಟಿಲ್ಲ, ಅಳುವಿಲ್ಲ. ಚಿತ್ರದ ಒಂದು ಮೂಲೆಯಲ್ಲಿ ಬೆರಳಿಟ್ಟು ಆ ಮಾತು ಹೇಳಿ, ತಮ್ಮ ಗಿಡಗಳಿಗೆ ನೀರು ಹಾಕಲು ಹೋದರು.

ನಾವಿರುವುದು ಸಿಂಗಪುರದ ತಿಯೋಂಗ್ ಬಾರುವಿನಲ್ಲಿ. ಒಂದು ಕಾಲಕ್ಕೆ ಇಲ್ಲಿ ದಿಬ್ಬ, ಜೌಗು ನೆಲ, ಹಳೆಯ ಗೋರಿಗಳು, ನಡುವೆ ಬಡವರ ಗುಡಿಸಲುಗಳು. ಬ್ರಿಟಿಷ್ ಸರಕಾರ 1927ರಲ್ಲಿ ಸಿಂಗಪುರ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಒಂದು ಸಂಸ್ಥೆ ಮಾಡಿತು. ಬೆಂಗಳೂರಿನಲ್ಲಿ ಬಿಡಿಎಗೆ ಮುಂಚೆ ಬಡಾವಣೆ ಮಾಡುತ್ತಿದ್ದ ಸಿಐಟಿಬಿ ಇತ್ತಲ್ಲ, ಅಂಥದ್ದು. ದಿಬ್ಬ ಕಡಿದ ಮಣ್ಣನ್ನು ಜೌಗಿಗೆ ತುಂಬಿ ನೆಲ ಮಟ್ಟ ಮಾಡಿದರು. 1936ರಲ್ಲಿ ಮೊದಲ ಕಟ್ಟಡ ಸಿದ್ಧವಾಯಿತು. 1941ರ ಹೊತ್ತಿಗೆ 784 ಫ್ಲ್ಯಾಟ್, ಕೆಳಗೆ 33 ಅಂಗಡಿ. ಅದೇ ವರ್ಷದ ಕೊನೆಗೆ ಜಪಾನಿನ ಬಾಂಬುಗಳೂ ಬಿದ್ದವು. ಕುದುರೆ ಲಾಳದ ಆಕಾರದ ಒಂದು ಕಟ್ಟಡದ ಕೆಳಗೆ ಜನ ಅಡಗಲು ಮಾಡಿದ್ದ ಜಾಗ ಇವತ್ತಿಗೂ ಇದೆ. ಮನೆಗಳನ್ನು ಕಟ್ಟಿದ್ದೇನೋ ಊರಿನ ಇಕ್ಕಟ್ಟು ಕಡಿಮೆ ಮಾಡಬೇಕು ಅಂತ. ಆದರೆ ಬಾಡಿಗೆ ಬಡವರ ಕೈಗೆ ಎಟುಕಲಿಲ್ಲ. ಬಂದು ಸೇರಿದವರಲ್ಲಿ ಗುಮಾಸ್ತರು, ವ್ಯಾಪಾರಸ್ಥರೇ ಜಾಸ್ತಿ. ಆಂಟಿಯ ಅಜ್ಜಿ ಇನ್ನೆಲ್ಲೋ ಹೋಗಿ ಮತ್ತೆ ಗುಡಿಸಲು ಹಾಕಿಕೊಂಡರಂತೆ. ಆಂಟಿ ಈ ಬಡಾವಣೆಗೆ ಬಂದಿದ್ದು ತಾವೇ ದುಡಿಯಲು ಶುರು ಮಾಡಿದ ಮೇಲೆ.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ಗುಡಿಸಲು ಬರೆದ. "ಅಮ್ಮಾ, ಬಳ್ಳಾರೀಲೂ ಬ್ರಿಟಿಷರು ಕಟ್ಟಿದ ಏರಿಯಾ ಇದೆ ಅಂತೀಯಲ್ಲ, ಆಗ ನಮ್ಮೋರು ಎಲ್ಲಿದ್ರು?" ಎಂದು ಕೇಳಿದ.

ನಮ್ಮೋರು ಇದ್ದದ್ದು ಕೌಲ್ ಬಜಾರ್‌ನಲ್ಲಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿ ಮೊದಲ ಕಲೆಕ್ಟರಾಗಿ ಬಂದ. ಕೋಟೆಯ ಗುಡ್ಡದ ಪಶ್ಚಿಮಕ್ಕೆ ದಂಡು ಬಂದು ಕೂತಿತು. ಅದೇ ಕಂಟೋನ್ಮೆಂಟ್. ಅಗಲ ರಸ್ತೆ, ಎರಡೂ ಕಡೆ ಮರ, ದೊಡ್ಡ ದೊಡ್ಡ ಕಾಂಪೌಂಡಿನೊಳಗೆ ಒಂದೊಂದೇ ಬಂಗಲೆ. ಇಷ್ಟು ದೊಡ್ಡ ದಂಡಿಗೆ ರೊಟ್ಟಿ ಬೇಕು, ಮಾಂಸ ಬೇಕು, ಬಟ್ಟೆ ಒಗೆಯೋರು, ಕುದುರೆ ನೋಡೋರು, ಚರ್ಮದ ಕೆಲಸದೋರು, ಹೊಲಿಯೋರು ಬೇಕು. ಆ ಕೆಲಸದ ಜನ ತುಂಬಿಕೊಂಡ ಬಜಾರು ನಮ್ಮದು. ಉರ್ದು, ತೆಲುಗು, ತಮಿಳು, ಮರಾಠಿ, ಕನ್ನಡ ಒಂದೇ ಓಣಿಯಲ್ಲಿ ಕೇಳುತ್ತಿದ್ದವು. ಈಗಲೂ ಕೇಳುತ್ತವೆ.

ನಮ್ಮ ಮುತ್ತಜ್ಜ ದರ್ಜಿ. ದಂಡಿನ ಸಿಪಾಯಿಗಳ ಯೂನಿಫಾರ್ಮ್ ಹೊಲಿಯುತ್ತಿದ್ದರಂತೆ. ಬಳ್ಳಾರಿ ಜೀನ್ಸ್ ಇವತ್ತು ದೇಶಕ್ಕೆಲ್ಲ ಗೊತ್ತು. ಅದರ ಬೇರು ಮಿಲಿಟರಿ ಬಟ್ಟೆ ಹೊಲಿಯಲು ಬಂದ ದರ್ಜಿಗಳಲ್ಲಿದೆ ಎನ್ನುವುದು ನಮ್ಮ ಓಣಿಯ ಹಿರಿಯರ ಮಾತು. ಒಬ್ಬರು ಕಟಿಂಗ್, ಒಬ್ಬರು ಹೊಲಿಗೆ, ಮನೆಯ ಹೆಂಗಸರು ಕಾಜಾ ತೆಗೆದು ಬಟನ್ ಹಚ್ಚುವುದು. ನಾನು ಚಿಕ್ಕವಳಿದ್ದಾಗ ಜೀನ್ಸ್ ಯೂನಿಟ್‌ಗಳ ಕೆಲಸವೂ ಹೀಗೇ ಮನೆ ಮನೆಗೆ ಹಂಚಿಕೊಂಡು ನಡೆಯುತ್ತಿತ್ತು. ನಮ್ಮಮ್ಮನ ಬೆರಳ ತುದಿ ಯಾವಾಗಲೂ ನೀಲಿ.

ಅಜ್ಜ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕಂಟೋನ್ಮೆಂಟ್ ಕಡೆ ಸುತ್ತಾಡಿಸುತ್ತಿದ್ದರು. ರೈಲ್ವೆ ಗೇಟ್ ದಾಟಿದರೆ ಸಾಕು, ಗದ್ದಲ ನಿಂತುಹೋಗಿ ಬೇವಿನ ಗಾಳಿ ಬರುತ್ತಿತ್ತು. ನನಗೆ ಅದು ಬೇರೆ ದೇಶ. ಆ ರಸ್ತೆಯಲ್ಲಿ ಒಂದು ಹಳೆ ಬಂಗಲೆ. ಅದರ ಗೇಟ್ ಬಂತೆಂದರೆ ಅಜ್ಜ ಸೈಕಲ್ಲಿನಿಂದ ಇಳಿಯುತ್ತಿದ್ದರು. ನನ್ನನ್ನು ಹಾಗೇ ಕೂರಿಸಿ, ಸೈಕಲ್ ತಳ್ಳಿಕೊಂಡು ಅದರ ಮುಂದೆ ನಡೆದು ಹೋಗಿ, ಆಮೇಲೆ ಮತ್ತೆ ಹತ್ತುತ್ತಿದ್ದರು. ದೊರೆಗಳು ಹೋಗಿ ನಲವತ್ತು ವರ್ಷ ಆಗಿತ್ತು. ಒಳಗೆ ಯಾರೂ ಇರಲಿಲ್ಲ, ಗೇಟಿಗೆ ತುಕ್ಕು ಹಿಡಿದಿತ್ತು. ಯಾಕಜ್ಜಾ ಅಂದರೆ, "ನಮ್ಮಪ್ಪ ಹಿಂಗೇ ಇಳೀತಿದ್ದ ಮಗಾ" ಎನ್ನುತ್ತಿದ್ದರು, ಅಷ್ಟೆ. ಮುತ್ತಜ್ಜನಿಗೆ ಅಲ್ಲಿ ಯಾರು ಏನಂದಿದ್ದರು, ಬೈದಿದ್ದರೋ ಹೊಡೆದಿದ್ದರೋ, ಅಜ್ಜ ಹೇಳಲಿಲ್ಲ.

ಕಂಟೋನ್ಮೆಂಟ್ ಚೆಂದ ಎಂದು ನಾವೆಲ್ಲ ಹೇಳುತ್ತೇವೆ. ಚೆಂದವೇ. ಆ ಅಗಲ, ಆ ನೆರಳು ಊರಿನ ಎಲ್ಲ ಓಣಿಗಳಿಗೂ ಬೇಕಿತ್ತು. ಆದರೆ ಅದು ಎಲ್ಲರಿಗಾಗಿ ಹಾಕಿದ ನಕ್ಷೆಯಲ್ಲ. ದಂಡಿಗೆ ಗಾಳಿ ಬೆಳಕು ಸಿಗಲಿ, ಬಜಾರಿನ ರೋಗ ರುಜಿನ ಅತ್ತ ಬಾರದಿರಲಿ ಎಂದು ದೂರ ಇಟ್ಟು ಹಾಕಿದ ನಕ್ಷೆ. ನಕ್ಷೆಯ ಆಚೆ ಇದ್ದವರು ದುಡಿದಿದ್ದಕ್ಕೇ ಒಳಗಿನವರ ದಿನ ಸಾಗುತ್ತಿತ್ತು.

ಆ ರಾತ್ರಿ ಊರಿಗೆ ಫೋನ್ ಹಚ್ಚಿದೆವು. ಮಗ ಅವರಜ್ಜಿಯನ್ನು ಒಂದೇ ಸಮ ಕೇಳಿದ. ಮುತ್ತಾತನ ಅಂಗಡಿ ಎಲ್ಲಿತ್ತು? ಒಂದು ಕೋಟು ಹೊಲಿದ್ರೆ ದಂಡಿನೋರು ಎಷ್ಟು ಕೊಡ್ತಿದ್ರು? ಅವರು ಬಳ್ಳಾರಿಗೆ ಯಾವ ಊರಿಂದ ಬಂದ್ರು? ಅಮ್ಮ ಒಂದಕ್ಕೂ ಉತ್ತರ ಕೊಡಲಾಗಲಿಲ್ಲ. "ಏನೋ ಕಂದ, ಅದನ್ನೆಲ್ಲ ಯಾರು ಬರ್ದಿಟ್ಟಾರ? ನಮ್ಮನ್ಯಾರು ಕೇಳ್ಯಾರ?" ಅಂದಳು.

ನನಗೆ ನೋವಾಗಿದ್ದು ಆ ಮಾತಿಗೆ. ಸಿಂಗಪುರ 1979ರಲ್ಲೇ ಜನರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡಿಡಲು ಒಂದು ಸರಕಾರಿ ಘಟಕ ಶುರು ಮಾಡಿತು. ತಿಯೋಂಗ್ ಬಾರುವಿನ ಯುದ್ಧಕ್ಕೆ ಮುಂಚಿನ 20 ಕಟ್ಟಡಗಳನ್ನು 2003ರಲ್ಲಿ ಕೆಡವಬಾರದೆಂದು ಕಾಯ್ದಿಟ್ಟಿತು. ಇಲ್ಲಿ ಗೋರಿಗಳಿದ್ದವು, ಗುಡಿಸಲುಗಳಿದ್ದವು, ಅವನ್ನು ತೆಗೆಸಿದರು ಎಂಬುದೂ ಬಡಾವಣೆಯ ಚರಿತ್ರೆಯಲ್ಲಿ ಬರೆದಿದೆ. ಆಂಟಿಯ ಮಾತು ಮಗನ ಪ್ರಾಜೆಕ್ಟ್‌ನೊಳಗೆ ಹೋಗಿದ್ದಕ್ಕೆ ಅವನ ಟೀಚರ್ ಖುಷಿಪಟ್ಟರು. ಬಳ್ಳಾರಿಯಲ್ಲಿ ನಾನು ಓದುವಾಗ ಹಂಪಿಯ ಅರಸರ ವಂಶಾವಳಿ ಬಾಯಿಪಾಠ ಮಾಡಿಸಿದರು. ನಮ್ಮ ಓಣಿಗೆ ಜನ ಎಲ್ಲಿಂದ ಬಂದರು ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನ ಕೆಳಗಿದ್ದವರು. ಹೋರಾಡಿ ಕನ್ನಡ ನಾಡಿಗೆ ಸೇರಿದವರು. ಅಂಥ ಊರು ತನ್ನ ಹಳೆಯ ಕಥೆಯ ಮೇಲೆ ಇಷ್ಟು ಕಡಿಮೆ ಆಸೆ ಇಟ್ಟುಕೊಳ್ಳಬಾರದಿತ್ತು.

ಈ ಸಲ ರಜೆಗೆ ಬಂದಾಗ ಮಗನನ್ನು ಹಂಪಿಗಿಂತ ಮುಂಚೆ ಕೌಲ್ ಬಜಾರಿಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಓಣಿಯಲ್ಲಿ ತೊಂಬತ್ತರ ಹತ್ತಿರದ ಒಬ್ಬರು ಕಟಿಂಗ್ ಮಾಸ್ಟರ್ ಇದ್ದಾರೆ. ಕಿವಿ ಮಂದ, ನೆನಪು ಗಟ್ಟಿ ಅಂತಾಳೆ ಅಮ್ಮ. ಅವರನ್ನು ಮಾತಾಡಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಬಳ್ಳಾರಿಯಲ್ಲಿ ಇದನ್ನು ಓದುತ್ತಿರುವವರ ಮನೆಯಲ್ಲೂ ದಂಡಿಗೆ ಹೊಲಿದವರು, ಒಗೆದವರು, ಬೇಯಿಸಿ ಹಾಕಿದವರು ಇದ್ದಿರಬಹುದು. ಒಂದು ಹಳೆ ರಸೀದಿ, ಒಂದು ಫೋಟೋ, ಅಜ್ಜಿ ಹೇಳುವ ಒಂದು ಊರ ಹೆಸರು ಸಿಕ್ಕರೂ ದಯವಿಟ್ಟು ಎತ್ತಿಡಿ, ನನಗೂ ತಿಳಿಸಿ. ನಾನು ಬರುವುದು ದೀಪಾವಳಿಗೆ. ಮಾಸ್ಟರ್ ಅವರನ್ನು ಅದಕ್ಕಿಂತ ಮುಂಚೆ ಯಾರಾದರೂ ಹೋಗಿ ಮಾತಾಡಿಸಿದರೆ ಇನ್ನೂ ಒಳ್ಳೆಯದು.