ರುಬಿಡಿಯಂ ಮೋಡದ ತಾಪಮಾನ: ಎಡವಟ್ಟಾಗುವುದು ಎಲ್ಲಿ?

ದಾವಣಗೆರೆ ವಿ.ವಿ.ಯ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಾ, ಪ್ರಾಜೆಕ್ಟಿಗೆ ಬೆಂಗಳೂರಿನ ಕೋಲ್ಡ್ ಆಟಂ ಲ್ಯಾಬಿಗೆ ಹೊರಟವರಿಗಾಗಿ ಇದು. ಲೇಸರ್‌ನಿಂದ ತಂಪು ಮಾಡಿ ಹಿಡಿದಿಟ್ಟ ರುಬಿಡಿಯಂ-87 ಪರಮಾಣುಗಳ ಗುಂಪಿನ, ಅಂದರೆ ‘ಮೋಡ’ದ, ತಾಪಮಾನವನ್ನು ನಂಬುವ ಹಾಗೆ ಅಳೆಯುವುದು ಹೇಗೆ?

ಮೋಡಕ್ಕೆ ಥರ್ಮಾಮೀಟರ್ ಇಡಲಾಗದು. ಲೇಸರ್, ಕಾಂತಕ್ಷೇತ್ರ ಕೊಡುವ ಕಾಯಿಲ್ ಎರಡನ್ನೂ ಆರಿಸಿ ಅದನ್ನು ಹರಡಲು ಬಿಡಬೇಕು. 2, 4, 6 ಹೀಗೆ 20 ಮಿಲಿಸೆಕೆಂಡ್‌ವರೆಗೆ ಕಾದು, ಪ್ರತಿ ಸಲ ಹೊಸ ಮೋಡ ತುಂಬಿಸಿ, ಸುಮಾರು 100 ಮೈಕ್ರೊಸೆಕೆಂಡ್ ಬೆಳಕು ಹಾಯಿಸಿ ಫೋಟೊ ತೆಗೆಯಿರಿ. ಫೋಟೊದಲ್ಲಿನ ಮೋಡಕ್ಕೆ ಗಾಸಿಯನ್ (ಗಂಟೆಯಾಕಾರದ) ವಕ್ರರೇಖೆ ಹೊಂದಿಸಿ, ಅದರ ಅಗಲದ ವರ್ಗವನ್ನು ಕಾಲದ ವರ್ಗದ ಎದುರು ಗುರುತಿಸಿದರೆ ನೇರ ಗೆರೆ ಬರಬೇಕು. ಅಗಲ ಮಿಲಿಮೀಟರಿನಲ್ಲಿ, ಕಾಲ ಮಿಲಿಸೆಕೆಂಡಿನಲ್ಲಿದ್ದರೆ ಗೆರೆಯ ಇಳಿಜಾರನ್ನು 10,450ರಿಂದ ಗುಣಿಸಿ. ಉತ್ತರ ಮೈಕ್ರೊಕೆಲ್ವಿನ್‌ನಲ್ಲಿ ಬರುತ್ತದೆ. ಇಳಿಜಾರು 0.0096 ಅಂದರೆ ಸುಮಾರು 100 ಮೈಕ್ರೊಕೆಲ್ವಿನ್. ರುಬಿಡಿಯಂನ ಡಾಪ್ಲರ್ ಮಿತಿ, ಅಂದರೆ ಸರಳ ಲೇಸರ್ ತಂಪಿನ ಸಿದ್ಧಾಂತ ಹೇಳುವ ಕನಿಷ್ಠ ತಾಪಮಾನ, 146. ಅದಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ. 1988ರಲ್ಲೇ ಅಮೆರಿಕದ ಭೌತವಿಜ್ಞಾನಿ ವಿಲಿಯಂ ಫಿಲಿಪ್ಸ್ ತಂಡ ಸೋಡಿಯಂನಲ್ಲಿ, ಮಿತಿ 240 ಇದ್ದರೂ, 43 ಮೈಕ್ರೊಕೆಲ್ವಿನ್ ಅಳೆದಿತ್ತು.

ದೊಡ್ಡ ತಪ್ಪು ಆಗುವುದು ಪಿಕ್ಸೆಲ್ ಅಳತೆಯಲ್ಲಿ, ಅಂದರೆ ಫೋಟೊದ ಒಂದು ಪಿಕ್ಸೆಲ್ ನಿಜದಲ್ಲಿ ಎಷ್ಟು ಉದ್ದ ಎನ್ನುವುದರಲ್ಲಿ. ಅದರಲ್ಲಿ ಶೇ. 5 ತಪ್ಪಿದರೆ ತಾಪಮಾನ ಶೇ. 10 ತಪ್ಪುತ್ತದೆ, ಏಕೆಂದರೆ ಅಗಲವನ್ನು ವರ್ಗ ಮಾಡುತ್ತೇವೆ. ಚೇಂಬರಿನ ಹೊರಗೆ ಸ್ಕೇಲ್ ಹಿಡಿದು ಫೋಕಸ್ ಹೊಂದಿಸುವುದು ನನಗೆ ಒಪ್ಪಿಗೆಯಿಲ್ಲ. ಮೋಡ ಹೇಗೂ ಕೆಳಕ್ಕೆ ಬೀಳುತ್ತಿರುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ದಾವಣಗೆರೆಯಲ್ಲೂ ಬೆಂಗಳೂರಲ್ಲೂ ಗುರುತ್ವ 9.78, ಪುಸ್ತಕದ 9.81 ಅಲ್ಲ. 20 ಮಿಲಿಸೆಕೆಂಡಿಗೆ 1.956 ಮಿ.ಮೀ. ಬೀಳುತ್ತದೆ, ಕೇಂದ್ರ 150 ಪಿಕ್ಸೆಲ್ ಇಳಿದಿದ್ದರೆ ಪಿಕ್ಸೆಲ್‌ಗೆ 13 ಮೈಕ್ರಾನ್. ಎರಡೇ ಬಿಂದು ಸಾಲದು. ಬಿಡುವಾಗ ಮೋಡಕ್ಕೆ ಸಣ್ಣ ವೇಗ ಇರಬಹುದಾದ್ದರಿಂದ ಎಲ್ಲ ಬಿಂದುಗಳಿಗೂ ವರ್ಗ ಸಮೀಕರಣ ಹೊಂದಿಸಿ, ಒಂದನೇ ಘಾತದ ಪದವನ್ನೂ ಇಟ್ಟುಕೊಳ್ಳಿ.

ಗೆರೆಯ ಆರಂಭದಲ್ಲೇ ಡೊಂಕು ಕಂಡರೆ ಕಾಂತಕ್ಷೇತ್ರದ ಮೇಲೆ ಅನುಮಾನಪಡಿ. ಕಾಯಿಲ್ ಕರೆಂಟ್ ತಟ್ಟನೆ ನಿಂತರೂ ಉಕ್ಕಿನ ಚೇಂಬರಿನಲ್ಲಿ ಸುಳಿ ಕರೆಂಟ್ ಕೆಲವು ಮಿಲಿಸೆಕೆಂಡ್ ಹರಿಯುತ್ತಲೇ ಇರಬಹುದು. ಕೊನೆಯಲ್ಲಿ ಬಾಗಿದರೆ ಮೋಡ ಫ್ರೇಮಿನಿಂದ ಹೊರಚಾಚಿದೆ, ಇಲ್ಲವೇ ಹಿನ್ನೆಲೆ ಬೆಳಕು ಸರಿಯಾಗಿ ಕಳೆದಿಲ್ಲ. ಲೇಸರನ್ನು ಎ.ಓ.ಎಂ. (ಧ್ವನಿತರಂಗದಿಂದ ಕಿರಣವನ್ನು ತಿರುಗಿಸುವ ವೇಗದ ಸ್ವಿಚ್) ಒಂದರಿಂದಲೇ ಆರಿಸಿದರೆ ಸಾಲದು. ಸೋರುವ ಚೂರು ಬೆಳಕೂ ಪರಮಾಣುಗಳನ್ನು ತಳ್ಳುತ್ತದೆ, ಹಿಂದೆಯೇ ಮೆಕ್ಯಾನಿಕಲ್ ಶಟರ್ ಮುಚ್ಚಬೇಕು. ಮೋಡ ಪಕ್ಕಕ್ಕೆ ಜಾರುತ್ತಿದೆಯೇ? ಎದುರುಬದುರಿನ ಕಿರಣಗಳ ಶಕ್ತಿ ಸಮವಿಲ್ಲ. ಬೇಸಿಗೆಯಲ್ಲಿ ಎ.ಸಿ. ಹತ್ತಿ ಆರುವಾಗ ಫೈಬರಿನಲ್ಲಿ ಧ್ರುವೀಕರಣ ತಿರುಗಿ ಇದು ಗಂಟೆಗಂಟೆಗೂ ಬದಲಾಗಬಹುದು. ಆದ್ದರಿಂದ ಪವರ್ ಮೀಟರ್ ಕೈಯಲ್ಲೇ ಇರಲಿ, ಫೋಟೊ ಸರಣಿಯನ್ನು 2ರಿಂದ 20ಕ್ಕೆ ಕ್ರಮವಾಗಿ ತೆಗೆಯದೆ ಕಾಲಗಳನ್ನು ಕಲಸಿ ತೆಗೆಯಿರಿ. ಕ್ರಮವಾಗಿ ತೆಗೆದರೆ ಕೋಣೆಯ ಬಿಸಿಯ ಏರಿಳಿತವೇ ಇಳಿಜಾರಿನಲ್ಲಿ ಸೇರಿಕೊಂಡು ಬಿಡುತ್ತದೆ.