ಹಗಲು ಕಮಿಷನ್, ರಾತ್ರಿ ವಾಲಿ

ಪುತ್ತೂರಿನಲ್ಲಿ ನಾನು ಜೂನಿಯರ್ ಆಗಿ ಸೇರಿದ ಆಫೀಸಿನಲ್ಲಿ ಕಾನೂನಿಗೆ ಸಂಬಂಧಪಡದ ಸಾಮಾನೇ ಜಾಸ್ತಿ ಇತ್ತು. ಕೋರ್ಟು ತೀರ್ಪುಗಳ ಎಐಆರ್ ಸಂಪುಟಗಳ ಕಪಾಟಿನ ಕೆಳಗಡೆ ಯಕ್ಷಗಾನ ಪ್ರಸಂಗಗಳ ಹಳೇ ಪುಸ್ತಕಗಳು, ಕಿಟಕಿಯ ಬಳಿ ಕಸಿ ಕಟ್ಟಿದ ಜಾಯಿಕಾಯಿ ಗಿಡ, ವಕಾಲತ್ತು ಫಾರಂ ಇಡುವ ಡ್ರಾವರಿನಲ್ಲಿ ಹಕ್ಕಿ ನೋಡುವ ಬೈನಾಕ್ಯುಲರ್. ಸೀನಿಯರ್ ಹೆಸರು ಬರೆಯುವುದಿಲ್ಲ, ಬರೆದರೆ ಬೈಯುತ್ತಾರೆ. ಬಾರ್ ಅಸೋಸಿಯೇಷನ್ನಿನಲ್ಲಿ ಅವರ ಬಗ್ಗೆ ಒಂದು ತಮಾಷೆ ಇತ್ತು: ಬಿಡುವಾದಾಗ ವಕೀಲಿಕೆಯನ್ನೂ ಮಾಡ್ತಾರೆ ಅಂತ.

ನಮ್ಮ ನಾಡಿನ ವಕೀಲರಿಗೆ ಹೊರಗಿನ ಉಸಾಬರಿ ಹೊಸದೇನಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನ ವಕೀಲರು. ಮಂಗಳೂರಿನ ಕಾರ್ನಾಡ್ ಸದಾಶಿವರಾಯರೂ ವಕೀಲರೇ, ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು ಇದ್ದ ಆಸ್ತಿಯನ್ನೆಲ್ಲ ಕರಗಿಸಿಕೊಂಡವರು. ಬೆಂಗಳೂರಿನ ಸದಾಶಿವನಗರ ಅವರ ಹೆಸರಿನದು. ಒಮ್ಮೆ ಇದನ್ನು ಹೇಳಿ ಸೀನಿಯರನ್ನು ಆ ಸಾಲಿಗೆ ಸೇರಿಸಲು ನೋಡಿದೆ. "ಅವರು ನಾಡಿಗೆ ಬೇಕಾಗಿ ಮಾಡಿದ್ದು ಮಾರಾಯ್ತಿ, ನನ್ನದು ಬರೀ ಚಪಲ" ಎಂದು ಮುಗಿಸಿಬಿಟ್ಟರು.

ಆ ಚಪಲ ಪೂರ್ತಿ ಕಣ್ಣಿಗೆ ಬಿದ್ದದ್ದು ಒಂದು ಶನಿವಾರ. ಬೆಳಿಗ್ಗೆ ಸ್ಥಳ ತನಿಖೆ ಇತ್ತು. ನಮ್ಮ ಕಕ್ಷಿದಾರರು ವಯಸ್ಸಾದ ಕೃಷಿಕರು. ತೋಡಿನ, ಅಂದರೆ ಸಣ್ಣ ಹಳ್ಳದ, ಈಚೆಗಿರುವ ಅವರ ಜಾಗದ ಒಂದು ಪಟ್ಟಿಯನ್ನು ಪಕ್ಕದವರು ತೋಟಕ್ಕೆ ಸೇರಿಸಿಕೊಂಡಿದ್ದರು. ಇಪ್ಪತ್ತು ವರ್ಷದ ಹಿಂದೆಯೇ ಅಡಿಕೆ ನೆಟ್ಟಿದ್ದೇವೆ, ಇನ್ನು ಜಾಗ ನಮ್ಮದೇ ಎಂಬುದು ಅವರ ವಾದ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ನಿಜವಾದ ಮಾಲೀಕನ ಹಕ್ಕಿಗೆ ವಿರುದ್ಧವಾಗಿ ಹನ್ನೆರಡು ವರ್ಷ ಬಹಿರಂಗವಾಗಿ, ಬಿಡದೆ ಸ್ವಾಧೀನದಲ್ಲಿದ್ದರೆ ಮಾಲೀಕ ಜಾಗ ಕಳೆದುಕೊಳ್ಳಬಹುದು. ಹಾಗಾಗಿ ಕೋರ್ಟು ಒಬ್ಬ ಯುವ ವಕೀಲರನ್ನು ಸ್ಥಳ ನೋಡಿ ವರದಿ ಕೊಡುವ ಕಮಿಷನರ್ ಮಾಡಿ, ತಾಲೂಕು ಸರ್ವೇಯರ್ ಜೊತೆ ಕಳಿಸಿತ್ತು.

ಸರಪಳಿ ಹಿಡಿದು ಅಳತೆ ನಡೆಯುತ್ತಿರುವಾಗ ಸೀನಿಯರ್ ಒಂದು ಅಡಿಕೆ ಮರದ ಪಕ್ಕ ನಿಂತುಬಿಟ್ಟರು. ಹಾಳೆ ಉದುರಿದ ಜಾಗದಲ್ಲೆಲ್ಲ ಕಾಂಡದ ಮೇಲೆ ಬಳೆಯಂಥ ಗೆರೆ ಉಳಿಯುತ್ತದೆಯಲ್ಲ, ಅದರ ಮೇಲೆ ಬೆರಳಾಡಿಸುತ್ತಾ "ಎಣಿಸು" ಎಂದರು. ಎಣಿಸಿದೆ, ಕೈಗೆಟುಕದ್ದನ್ನು ಕತ್ತೆತ್ತಿ. ಐವತ್ತು ಚಿಲ್ಲರೆ. ಬೆಳೆದ ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ಬೀಳಿಸುತ್ತದೆ. ಕಾಂಡ ಕಾಣಿಸುವ ಮೊದಲಿನ ಎರಡು ಮೂರು ವರ್ಷ ಕೂಡಿಸಿದರೂ ಇಪ್ಪತ್ತು ವರ್ಷಕ್ಕೆ ಎಲ್ಲಿಯ ಲೆಕ್ಕ? ನಾನು ಉಬ್ಬಿಹೋದೆ. ಕಮಿಷನರ್ ಎಣಿಕೆಯನ್ನು ಬರೆದುಕೊಂಡರು. ಸೀನಿಯರ್ ಮಾತ್ರ ಅಷ್ಟರಲ್ಲಿ ಕೇಸನ್ನೇ ಮರೆತಿದ್ದರು. ಒಂದೇ ಸಾಲಿನಲ್ಲಿ ತೋಡಿನ ಬದಿಯ ಮರಗಳಲ್ಲಿ ಗೆರೆಗಳ ನಡುವೆ ಅಂತರ ಹೆಚ್ಚು, ದರೆಯ ಬದಿಯಲ್ಲಿ ಕಡಿಮೆ. ಅದು ನೀರಿಗೋ ನೆರಳಿಗೋ? ಎದುರು ಪಾರ್ಟಿಯ ವಕೀಲರೇ ಬಂದು ಕರೆಯಬೇಕಾಯಿತು: "ಬನ್ನಿ ಸರ್, ರಾತ್ರಿಗೆ ತಡ ಆಗ್ತದೆ." ಸೋಮವಾರ ಕಕ್ಷಿದಾರರನ್ನು ನನಗೆ ಒಪ್ಪಿಸಿ, ಈ ಪ್ರಶ್ನೆ ಹಿಡಿದುಕೊಂಡು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೆ ಹೋದರು.

ಮರ ಎಣಿಸಿ ಕೇಸು ಗೆದ್ದರು ಎಂದು ಊರಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಗೆದ್ದದ್ದು ಹೌದು. ತೀರ್ಪನ್ನು ಓದಿದವಳು ನಾನು, ಅದರಲ್ಲಿ ಗೆರೆಯ ಸುದ್ದಿ ಒಂದು ಸಾಲೂ ಇಲ್ಲ. ಸರ್ವೇ ನಕ್ಷೆ ಮತ್ತು ಆರ್‌ಟಿಸಿ ನಮ್ಮ ಕಡೆಗಿದ್ದವು, ಹನ್ನೆರಡು ವರ್ಷದ ಸ್ವಾಧೀನ ರುಜುವಾತು ಮಾಡುವ ಹೊಣೆ ಎದುರಿನವರ ಮೇಲಿತ್ತು, ಅವರಿಂದ ಆಗಲಿಲ್ಲ. ಅಷ್ಟೇ. ಹವ್ಯಾಸಗಳೆಲ್ಲ ಕಸುಬಿಗೆ ಉಪಕಾರಕ್ಕೆ ಬರುತ್ತವೆ ಎನ್ನುವವರ ಮಾತನ್ನು ನಾನು ಅಷ್ಟಾಗಿ ನಂಬದಿರುವುದು ಇದಕ್ಕೇ. ಉಪಕಾರಕ್ಕೆ ಬಾರದಿದ್ದರೂ ಅವರು ಎಣಿಸುತ್ತಿದ್ದರು.

ರಾತ್ರಿ ಏನಿತ್ತೆಂದರೆ, ದೇವಸ್ಥಾನದಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಮತ್ತೆ ಕುಳಿತಲ್ಲಿಂದಲೇ ಮಾತು, ಅಂದರೆ ಅರ್ಥಗಾರಿಕೆ. ವಾಲಿಮೋಕ್ಷ ಪ್ರಸಂಗ. ನಮ್ಮ ಸೀನಿಯರ್ ವಾಲಿ, ಬೆಳಿಗ್ಗೆ ತೋಟದಲ್ಲಿ ಎದುರು ನಿಂತಿದ್ದ ವಕೀಲರೇ ರಾಮ. ಸುದ್ದಿ ತಿಳಿದು ನಮ್ಮ ಕಕ್ಷಿದಾರರೂ ಬಂದು ಎದುರಿನ ಸಾಲಿನಲ್ಲೇ ಕೂತಿದ್ದರು. ಇಬ್ಬರು ವಕೀಲರು ಒಟ್ಟಿಗೆ ಅವಲಕ್ಕಿ ತಿಂದು ಚಹಾ ಕುಡಿದದ್ದು ಅವರಿಗೆ ಸರಿ ಕಂಡಿರಲಿಲ್ಲ.

ಕೋರ್ಟಿನಲ್ಲಿ ನಮ್ಮ ಸೀನಿಯರ್ ಪಾಟೀಸವಾಲು ಎಂದರೆ ಮೂರೋ ನಾಲ್ಕೋ ಪ್ರಶ್ನೆ, ಬಳಿಕ ಕೂತುಬಿಡುವುದು. ವಕೀಲರಿಗೆ ವಾದ ಗೊತ್ತು, ಹಾಗಾಗಿ ಅರ್ಥಗಾರಿಕೆ ಸುಲಭ ಎನ್ನುವವರು ಅವರ ವಾಲಿಯನ್ನು ಕೇಳಬೇಕು. ಆ ವಾಲಿ ಬೇರೆಯೇ ಮನುಷ್ಯ. ಬಾಣ ಬಿದ್ದವನು ಮೊದಲು ಬೈಯುವುದಿಲ್ಲ, ಎಲ್ಲಿಂದ ಬಂತು ಎಂದು ಹುಡುಕುತ್ತಾನೆ. ನಮ್ಮಿಬ್ಬರಿಗೆ ಜಗಳವೇ ಇಲ್ಲದಾಗ ಮರೆಯಲ್ಲಿ ನಿಂತು ಹೊಡೆದೆಯೇಕೆ ಎಂದು ಕೇಳುತ್ತಾನೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ ಎಂದ ರಾಮ. ನೀನು ಮೃಗ, ಮೃಗವನ್ನು ಮರೆಯಿಂದ ಬೇಟೆಯಾಡಿದರೆ ದೋಷವಿಲ್ಲ ಎಂದೂ ಸೇರಿಸಿದ. ವಾಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬಹಳ ಮೆಲ್ಲಗೆ: "ಎರಡರಲ್ಲಿ ಒಂದು ಹೇಳು ರಾಮ. ನಾನು ಮೃಗವಾದರೆ ರುಮೆಯ ಲೆಕ್ಕ ಕೇಳುವ ಧರ್ಮ ನನಗಿಲ್ಲ. ಆ ಧರ್ಮ ನನಗೆ ಉಂಟಾದರೆ ನಾನು ಮೃಗವಲ್ಲ, ನೀನು ಎದುರು ಬರಬೇಕಿತ್ತು."

ಸಭೆಯಲ್ಲಿ ಯಾರೋ "ಹೋ" ಎಂದರು. ರಾಮ ಬಿಡಲಿಲ್ಲ, ಈ ಭೂಮಿಯೆಲ್ಲ ಇಕ್ಷ್ವಾಕುಗಳದ್ದು, ಭರತನ ಆಜ್ಞೆ ಕಿಷ್ಕಿಂಧೆಗೂ ನಡೆಯುತ್ತದೆ ಎಂದು ಅಧಿಕಾರ ವ್ಯಾಪ್ತಿಯ ಪ್ರಶ್ನೆ ಎತ್ತಿದ. ಅದು ಅಚ್ಚ ಕೋರ್ಟಿನ ಮಾತು, ಅಲ್ಲಿದ್ದ ವಕೀಲರೆಲ್ಲ ನಕ್ಕರು. ಸೀನಿಯರ್ ನಗಲಿಲ್ಲ. ವಾಲಿಗೆ ಸಾಯಲಿಕ್ಕಿದೆ, ಅವನ ಬಾಯಲ್ಲಿ ಸಿವಿಲ್ ಪ್ರೊಸೀಜರ್ ಕೋಡ್ ಬರಬಾರದು ಎಂಬುದು ಅವರ ಹಠ. ಕೊನೆಗೆ ಅಂಗದನನ್ನು ರಾಮನ ಕೈಗೊಪ್ಪಿಸಿ ಕೈ ಮುಗಿದರು.

ಮಂಗಳ ಆದದ್ದೇ ಕಕ್ಷಿದಾರರು ಎದ್ದು ಬಂದರು. "ವಕೀಲ್ರೇ, ಮಾತಲ್ಲಿ ಪೂರಾ ನೀವೇ ಗೆದ್ದದ್ದು. ಮತ್ತೆ ಕಡೆಗೆ ಒಪ್ಪಿದ್ದು ಎಂತಕ್ಕೆ?"

"ಪ್ರಸಂಗ ಹಾಗೆ ಉಂಟಲ್ಲ ಮಾರಾಯ್ರೇ."

"ಪ್ರಸಂಗ ಇರ್ಲಿ. ನಮ್ಮ ತೋಡಿನ ಬದಿಯದ್ದರಲ್ಲಿ ಹಾಗೆ ಕೈ ಮುಗಿದುಬಿಡ್ಬೇಡಿ."

ಪಕ್ಕದಲ್ಲಿ ಶಾಲು ಮಡಚುತ್ತಿದ್ದ ರಾಮನಿಗೆ ನಗು ತಡೆಯಲಾಗಲಿಲ್ಲ. ಸೀನಿಯರ್ ಆಗಲೇ ಭಾಗವತರ ಕಡೆ ತಿರುಗಿದ್ದರು. ಅವರಿಗೂ ಅಡಿಕೆ ತೋಟವಿತ್ತು. "ನಿಮ್ಮಲ್ಲಿ ತೋಡಿನ ಬದಿ ಮರಗಳದ್ದು ಹೇಗೆ, ಗೆರೆ ದೂರ ದೂರವೋ?"